ಕನ್ನಡಕ ತೆಗೆಸುವ ಅವಸರ ಯಾಕೆ?

ನನಗೆ 17 ವರ್ಷ. ಎರಡೂ ಕಣ್ಣಿಗೆ ಮೈನಸ್ 4 ಪವರ್. "ಮುಂದೆ ಸಂಬಂಧ ನೋಡುವಾಗ ಕನ್ನಡಕ ಅಡ್ಡ ಬರಬಾರದು, ಈಗಲೇ ಲೇಸರ್ ಮಾಡಿಸಿ" ಎಂದು ಖಾಲಾ ಅಮ್ಮಿಗೆ ಹೇಳುತ್ತಲೇ ಇದ್ದಾರೆ.

ಕಣ್ಣಿನ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಕಳೆದ ವರ್ಷ ಪವರ್ ಎಷ್ಟಿತ್ತು?" ಮೈನಸ್ 3. ಅಂದರೆ ಕಣ್ಣುಗುಡ್ಡೆ ಇನ್ನೂ ಉದ್ದವಾಗುತ್ತಿದೆ. ಲೇಸರ್ ಅದನ್ನು ನಿಲ್ಲಿಸುವುದಿಲ್ಲ. ಕಾರ್ನಿಯಾದ ತೆಳುವಾದ ಭಾಗವನ್ನು ತೆಗೆದು ಅದರ ಆಕಾರ ಬದಲಿಸುತ್ತದೆ, ಅಷ್ಟೇ. ಈಗ ಮಾಡಿಸಿದರೆ ಕನ್ನಡಕ ಮತ್ತೆ ಬರಬಹುದು. ತೆಗೆದ ಕಾರ್ನಿಯಾ ಮತ್ತೆ ಬರುವುದಿಲ್ಲ. ಅದಕ್ಕೇ 18 ತುಂಬಿರಬೇಕು, ಕನಿಷ್ಠ ಒಂದು ವರ್ಷ ಪವರ್ ಬದಲಾಗಿರಬಾರದು ಎನ್ನುತ್ತಾರೆ. ಕಾರ್ನಿಯಾ ತೀರಾ ತೆಳುವಾಗಿರುವವರಿಗೆ ಆಮೇಲೂ ಬೇಡ.

ಲೇಸರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪವರ್ ನಿಂತ ಮೇಲೆ ನನಗೇ ಬೇಕೆನಿಸಿದರೆ ಮಾಡಿಸಿಕೊಳ್ಳುತ್ತೇನೆ. ಆದರೆ ಬೇರೆಯವರ ನೋಟಕ್ಕಾಗಿ ನನ್ನ ನೋಟವನ್ನು ಪಣಕ್ಕಿಡಲಾರೆ.

ಗೆಳತಿಯರೇ, ನಾಚಿಕೊಂಡು ಕನ್ನಡಕವನ್ನು ಬ್ಯಾಗಿನಲ್ಲಿ ಬಚ್ಚಿಡಬೇಡಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಹತ್ತಿರದಲ್ಲೇ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ, 1896ರಲ್ಲಿ ಶುರುವಾದದ್ದು. ಮೊದಲು ಬೋರ್ಡು ಸರಿಯಾಗಿ ಕಾಣಲಿ.