ಹಳಿಯಾಚೆಗೆ ಹೋಗುವ ಕಾಲುದಾರಿ



ಕಳೆದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ಹಿಟ್ಟು ಹುಳಿಯದಂತೆ ನೋಡಿಕೊಳ್ಳುವುದು ಹೇಗೆಂದು ಬರೆದಿದ್ದೆ. ಈ ಸಲ ಅಡುಗೆಮನೆಯಿಂದ ಹೊರಗೆ ಬನ್ನಿ. ಹಿತ್ತಿಲು ದಾಟಿ ರೈಲುಹಳಿಯ ತನಕ ಹೋಗಿಬರುವ.

"ಇದೆಂತ, ಹೆಂಗಸರ ಪುಟದಲ್ಲಿ ರೈಲಿನ ಸುದ್ದಿ?" ಎಂದು ಹುಬ್ಬೇರಿಸಬೇಡಿ. ಒಂದು ಬೆಳಿಗ್ಗೆ ಹಳಿಯ ಹತ್ತಿರ ನಿಂತು, ದಾಟುವವರು ಯಾರು ಯಾರೆಂದು ಎಣಿಸಿ ನೋಡಿ. ಕಾರು, ಬೈಕಿನವರು ಸುತ್ತಿ ಬಳಸಿ ಸೇತುವೆಯ ಮೇಲೆ ಹೋಗುತ್ತಾರೆ. ಅಡ್ಡ ಹಾಯುವವರೆಂದರೆ ಡೇರಿಗೆ ಹಾಲು ಕೊಂಡೊಯ್ಯುವವಳು, ಮಗುವನ್ನು ಅಂಗನವಾಡಿಗೆ ಬಿಡುವವಳು, ಹುಲ್ಲಿನ ಹೊರೆ ಹೊತ್ತವಳು, ಸೈಕಲ್ ತಳ್ಳುವ ಶಾಲೆಯ ಮಕ್ಕಳು. ಈಗ ಹೇಳಿ, ಇದು ಯಾರ ವಿಷಯ?

ನನ್ನ ತವರು ಕಾರ್ಕಳ. ಅಲ್ಲಿಗೆ ಇವತ್ತಿಗೂ ರೈಲು ಬಂದಿಲ್ಲ. ಕಾಪು ಕಡೆಗೆ ಮದುವೆಯಾಗಿ ಬಂದ ಮೇಲೆಯೇ ದಿನವೂ ರೈಲಿನ ಸದ್ದು ಕೇಳಿದ್ದು. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ, ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ. ಮಂಗಳೂರು-ಉಡುಪಿ ನಡುವೆ 1993ರಲ್ಲಿಯೇ ರೈಲು ಓಡಿತು. ಮುಂಬಯಿ ತನಕದ ದಾರಿ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಗಂಡ, ಮಕ್ಕಳು, ಅಣ್ಣತಮ್ಮಂದಿರು ಇರುವ ಮನೆಗಳಿಗೆ ಅದು ಎಷ್ಟು ದೊಡ್ಡ ಉಪಕಾರವಾಯಿತೆಂದು ನಾನು ಹೇಳಬೇಕಾಗಿಲ್ಲ.

ಆದರೆ ಒಂದು ಮಾತು ಇದೆ. ರೈಲು ಓಡುವುದು ಉತ್ತರ-ದಕ್ಷಿಣ. ನಮ್ಮ ಓಡಾಟವೆಲ್ಲ ಪೂರ್ವ-ಪಶ್ಚಿಮ! ಮೂಡಲಲ್ಲಿ ಗುಡ್ಡ, ಶಿರ್ವ, ಕಾರ್ಕಳ. ಪಡುವಲಲ್ಲಿ ಪೇಟೆ, ಹೆದ್ದಾರಿ, ಕಡಲು. ಮನೆ ಈಚೆ, ಬೈಲಿನ ಗದ್ದೆ ಆಚೆ. ಕೆಲವು ಕುಟುಂಬಗಳಿಗೆ ನಾಗಬನವೇ ಹಳಿಯಾಚೆ ಉಳಿದಿದೆ. ನಾಗರ ಪಂಚಮಿಯ ದಿನ ಮಡಿಯಲ್ಲಿ ಹಾಲು, ಎಳನೀರು ಹಿಡಿದು ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ದಾಟುವ ಮುದುಕಿಯರನ್ನು ನೀವೂ ನೋಡಿರಬಹುದು. ಈ ಕಾಲುದಾರಿಗಳು ರೈಲಿಗಿಂತ ಹಳೆಯವು. ದಾರಿಯ ಮೇಲೆ ಹಳಿ ಬಂತೇ ಹೊರತು ಹಳಿಯ ಮೇಲೆ ದಾರಿ ಬಂದದ್ದಲ್ಲ.

ಇನ್ನಂಜೆ ನಿಲ್ದಾಣದಿಂದ ಶಂಕರಪುರ ದೂರವೇನಲ್ಲ. ಅಲ್ಲಿನ ಮಲ್ಲಿಗೆ ಬೆಳೆಯುವ ಮನೆಗಳ ಬೆಳಗು ನಿಮಗೆ ಗೊತ್ತೇ ಇದೆ. ನಸುಕಿನಲ್ಲೇ ಮೊಗ್ಗು ಕೊಯ್ಯಬೇಕು. 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೊತ್ತು ಮೀರುವ ಮೊದಲು ಕಟ್ಟೆಗೆ ಮುಟ್ಟಿಸದಿದ್ದರೆ ಆ ದಿನದ ದುಡಿಮೆ ಬಾಡಿದ ಹಾಗೆ. ಅಂಥ ಗಡಿಬಿಡಿಯಲ್ಲಿರುವವಳ ಹತ್ತಿರ "ಒಂದು ಮೈಲಿ ಸುತ್ತಿ ಸೇತುವೆಯ ಮೇಲೆ ಹೋಗಮ್ಮ" ಎಂದರೆ ಕೇಳುತ್ತಾಳೆಯೇ? ಬುದ್ಧಿ ಹೇಳುವವರು ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು.

ಹಾಗೆಂದು ಅಪಾಯ ಸಣ್ಣದಲ್ಲ. ರೈಲ್ವೆ ಸುರಕ್ಷತೆಯ ಬಗ್ಗೆ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಕೊಟ್ಟ ವರದಿಯ ಪ್ರಕಾರ, ದೇಶದಲ್ಲಿ ಹಳಿ ದಾಟುವಾಗ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಿದ್ದರು. ರೈಲುಗಳು ಡಿಕ್ಕಿಯಾಗಿ ಸಾಯುವವರಿಗಿಂತ ಇದು ಎಷ್ಟೋ ಪಾಲು ಹೆಚ್ಚು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯೊಳಗೆ ತೆಗೆದುಹಾಕಿದರು, ಒಳ್ಳೆಯದೇ ಆಯಿತು. ಆದರೆ ನಮ್ಮ ಕಾಲುದಾರಿ ಯಾವ ಪಟ್ಟಿಯಲ್ಲೂ ಇಲ್ಲ. ಗೇಟು ಬರುವ ಮುನ್ನ ಹಳದಿ ಹಲಗೆ ನೋಡಿ ಡ್ರೈವರು ಸೀಟಿ ಹಾಕುತ್ತಾನೆ. ನಮ್ಮ ಹಿತ್ತಿಲ ದಾರಿಗೆ ಅಂಥ ಹಲಗೆ ಯಾರು ನೆಟ್ಟಿದ್ದಾರೆ?

ಈಗ ಒಂದು ಲೆಕ್ಕ ಮಾಡುವ. ಗಂಟೆಗೆ 100 ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿಗೆ 28 ಮೀಟರ್ ಬರುತ್ತದೆ. ತಿರುವಿನಲ್ಲಿ 200 ಮೀಟರ್ ದೂರದಲ್ಲಿ ಕಂಡಿತೆನ್ನಿ, ನಿಮ್ಮ ಕೈಯಲ್ಲಿ ಇರುವುದು ಏಳೇ ಸೆಕೆಂಡು. ಹಳಿಗಳ ನಡುವಿನ ಅಂತರ ಐದೂವರೆ ಅಡಿ. ಎರಡೂ ಬದಿಯ ಜಲ್ಲಿ ಸೇರಿಸಿದರೆ ಐದಾರು ಮೀಟರ್ ನಡೆಯಬೇಕು. ಬರಿಗೈಯವರಿಗೆ ಐದಾರು ಸೆಕೆಂಡು ಸಾಕು. ಸೊಂಟದಲ್ಲಿ ಮಗು, ಕೈಯಲ್ಲಿ ಸೈಕಲ್ ಇದ್ದರೆ ಅದರ ಎರಡು ಪಾಲು ಬೇಕು. ಡ್ರೈವರು ನೋಡಿ ಬ್ರೇಕು ಹಾಕಿದರೂ ಗಾಡಿ ನೂರಾರು ಮೀಟರ್ ಮುಂದೆ ಹೋಗಿಯೇ ನಿಲ್ಲುವುದು.

ಮೊದಲು ಡೀಸೆಲ್ ಇಂಜಿನ್ನಿನ ಗುಡುಗು ದೂರದಿಂದಲೇ ಕೇಳುತ್ತಿತ್ತು. 2022ರಲ್ಲಿ ಕೊಂಕಣ ಮಾರ್ಗ ಪೂರ್ತಿ ವಿದ್ಯುತ್ತಿಗೆ ಬಂತು, ಇಂಜಿನ್ನಿನ ಸದ್ದು ತಗ್ಗಿತು. ಹಳೆಯ ಅಭ್ಯಾಸದಲ್ಲಿ "ಸದ್ದಿಲ್ಲವಲ್ಲ" ಎಂದು ಕಾಲಿಡಬೇಡಿ. ಮಳೆಗಾಲದಲ್ಲಂತೂ ಗಾಳಿಗೆ ಅಡ್ಡ ಹಿಡಿದ ಕೊಡೆ ಕಣ್ಣು ಮುಚ್ಚುತ್ತದೆ, ಹುಲ್ಲಿನ ಹೊರೆ ಕಿವಿ ಮುಚ್ಚುತ್ತದೆ. ಕೊಡೆ ಮಡಚಿ, ಹೊರೆ ಇಳಿಸಿ, ಎರಡೂ ಕಡೆ ನೋಡಿ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮಾವು, ತೆಂಗು ಕೀಳುವ ದೋಟಿಯನ್ನು ನೆಟ್ಟಗೆ ಹಿಡಿದು ಅದರಡಿಯಲ್ಲಿ ಹೋಗಬೇಡಿ. ತಂತಿಯನ್ನು ಮುಟ್ಟಬೇಕೆಂದಿಲ್ಲ, ಹತ್ತಿರ ಹೋದರೂ ಹೊಡೆಯುತ್ತದೆ. ಗೇಟಿನಲ್ಲಿ ಸೈಕಲ್ಲಿನಿಂದ ಇಳಿದು, ಹಳಿಗೆ ನೇರ ಅಡ್ಡವಾಗಿ ತಳ್ಳಿಕೊಂಡು ಹೋಗಲು ಮಕ್ಕಳಿಗೆ ಕಲಿಸಿ. ಓರೆಯಾಗಿ ಹೋದರೆ ಹಳಿಯ ಬದಿಯ ಸಂದಿಯಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ.

ಎಚ್ಚರಿಕೆಯ ಮಾತು ಇಷ್ಟು ಸಾಕು. ಜಾಗ್ರತೆಯೊಂದರಿಂದಲೇ ಎಷ್ಟು ದಿನ ದಾಟುವುದು, ಮಾರಾಯ್ರೆ? ಬೇಕಾದದ್ದು ಸರಿಯಾದ ದಾರಿ.

ದಾರಿ ಎಂದ ಕೂಡಲೇ ಎಲ್ಲರೂ ಮೆಟ್ಟಿಲಿನ ಮೇಲ್ಸೇತುವೆ ಎನ್ನುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ವಿದ್ಯುತ್ ತಂತಿ ಇರುವುದರಿಂದ ಸೇತುವೆ ಹಳಿಯಿಂದ ಆರು ಮೀಟರಿಗಿಂತ ಎತ್ತರದಲ್ಲಿರಬೇಕು. ಎಂದರೆ ಹತ್ತಲು 40ಕ್ಕೂ ಮಿಕ್ಕಿ ಮೆಟ್ಟಿಲು, ಇಳಿಯಲು ಅಷ್ಟೇ. ಮಂಡಿನೋವಿನ ಅತ್ತೆ ಹತ್ತುವರೇ? ಹಾಲಿನ ಕ್ಯಾನು ಕಟ್ಟಿದ ಸೈಕಲ್ ಹತ್ತೀತೇ? ಮೆಟ್ಟಿಲಿನ ಬದಿಯಲ್ಲಿ ಚಕ್ರ ಉರುಳಿಸಲು ಸಿಮೆಂಟಿನ ಓಣಿ ಮಾಡುತ್ತಾರೆ, ಅದು ಖಾಲಿ ಸೈಕಲ್ಲಿಗೆ ಸರಿ. ಸಿಟ್ಟಿನಿಂದ ಹೇಳುತ್ತಿಲ್ಲ. ಸೇತುವೆ ಕಟ್ಟಿಯೂ ಜನ ಅದರ ಕೆಳಗಿನಿಂದಲೇ ಹಳಿ ದಾಟುವುದನ್ನು ಎಷ್ಟೋ ಊರುಗಳಲ್ಲಿ ಕಾಣುತ್ತೇವೆ.

ಹಳಿಯ ಕೆಳಗಿನ ದಾರಿಯನ್ನು ನೋಡಿ. ನಡೆಯುವವರಿಗೆ, ಸೈಕಲ್ಲಿನವರಿಗೆ ತಲೆಯ ಮೇಲೆ ಎರಡೂವರೆ ಮೀಟರ್ ಎತ್ತರ ಸಾಕು. ಮೇಲಿನ ಕಾಂಕ್ರೀಟಿನ ದಪ್ಪ ಸೇರಿಸಿದರೂ ಹತ್ತಿಳಿಯುವುದು ಸೇತುವೆಯ ಅರ್ಧದಷ್ಟೇ. ನಮ್ಮಲ್ಲಿ ಹಳಿ ಬಹಳ ಕಡೆ ಬೈಲಿನಲ್ಲಿ ಮಣ್ಣಿನ ಏರಿಯ ಮೇಲೆ ಹೋಗುತ್ತದೆ. ಅಲ್ಲಿ ಏರಿಯೊಳಗೆ ಕಾಂಕ್ರೀಟಿನ ಪೆಟ್ಟಿಗೆ ದೂಡಿದರೆ ದಾರಿ ನೆಲದ ಮಟ್ಟದಲ್ಲೇ ಇರುತ್ತದೆ, ನೀರೂ ತಾನಾಗಿ ಹರಿದುಹೋಗುತ್ತದೆ. ಗುಡ್ಡದ ಮುರಕಲ್ಲು ಕಡಿದು ಹಳಿ ತಗ್ಗಿನಲ್ಲಿ ಹೋಗುವಲ್ಲಿ ಮಾತ್ರ ಮೇಲ್ಸೇತುವೆ ಸುಲಭ. ಅಲ್ಲಿ ಮೆಟ್ಟಿಲಿನ ಕಾಟವಿಲ್ಲ, ಈ ದಡದಿಂದ ಆ ದಡಕ್ಕೆ ಸಂಕ ಹಾಕಿದ ಹಾಗೆ. ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕೇ? ನಿಮ್ಮ ಊರಿನ ನೆಲ ನಿಮಗೇ ಚೆನ್ನಾಗಿ ಗೊತ್ತು.

ಸಮತಟ್ಟು ಜಾಗದಲ್ಲಿ ಅಗೆದು ಮಾಡುವ ಕೆಳದಾರಿಯಾದರೆ ಜೋಕೆ. ಆಟಿ ತಿಂಗಳಲ್ಲಿ ಅದು ಕೆರೆಯಾಗುತ್ತದೆ! ಇಳಿಜಾರಿಗೆ ಮಾಡು, ಬಾಯಲ್ಲಿ ರಸ್ತೆಯ ನೀರು ತಡೆಯುವ ದಿಬ್ಬ, ತೋಡಿಗೆ ಸೇರುವ ಚರಂಡಿ ಇವೆಲ್ಲ ನಕ್ಷೆಯಲ್ಲೇ ಇರಲಿ. ಹೆಂಗಸರ ಪರವಾಗಿ ಇನ್ನೆರಡು ಮಾತು: ದಾರಿ ನೇರ ಇರಬೇಕು, ಈ ಬಾಯಲ್ಲಿ ನಿಂತರೆ ಆ ಬಾಯಿ ಕಾಣಬೇಕು. ದೀಪ ಬೇಕು. ಇಲ್ಲದಿದ್ದರೆ ಸಂಜೆ ಟ್ಯೂಷನ್ನಿಂದ ಬರುವ ಹುಡುಗಿ ಮತ್ತೆ ಹಳಿಯ ಮೇಲೆಯೇ ಬರುತ್ತಾಳೆ.

ಉಡುಪಿ ನಿಲ್ದಾಣವಿರುವ ಇಂದ್ರಾಳಿಯಲ್ಲಿ, ಮಣಿಪಾಲಕ್ಕೆ ಹೋಗುವ ರಸ್ತೆ ಹಳಿಯ ಮೇಲಿನಿಂದ ಹಾಯುತ್ತದೆ. ಅಲ್ಲಿ ಹೊಸ ಸೇತುವೆಗಾಗಿ ವರ್ಷಗಟ್ಟಲೆ ಕಾದೆವು. ಅಷ್ಟೂ ಕಾಲ ಕೇಳಿದ್ದು ವಾಹನಗಳ ಸಾಲಿನ ಗೋಳು. ಗಂಟುಮೂಟೆ ಹಿಡಿದು ನಡೆಯುವವರ ಮಾತು ಅಪರೂಪ. ಕೇಳುವವರಿಲ್ಲದಿದ್ದರೆ ಕೊಡುವವರಿಲ್ಲ.

ಕೇಳುವುದರಲ್ಲೂ ಒಂದು ತೊಡಕಿದೆ. 1989ರ ರೈಲ್ವೆ ಕಾಯ್ದೆಯ 16ನೆಯ ಕಲಮಿನಂತೆ, ಹಳಿಯಿಂದ ತುಂಡಾದ ಜಮೀನಿನವರಿಗೆ ದಾಟುವ ಅನುಕೂಲ ಮಾಡಿಕೊಡುವುದು ರೈಲ್ವೆಯ ಹೊಣೆ. ಆದರೆ ರೈಲು ಓಡಲು ಶುರುವಾಗಿ ಹತ್ತು ವರ್ಷದ ನಂತರ ಹೊಸದಾಗಿ ಮಾಡಬೇಕೆಂದಿಲ್ಲ. ನಮಗೆ ಆ ಗಡುವು 2003ಕ್ಕೇ ಮುಗಿಯಿತು. ಎಷ್ಟು ಮನೆಯವರಿಗೆ ಇದು ಗೊತ್ತಿತ್ತು? ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 17ನೆಯ ಕಲಮಿನಂತೆ ರಾಜ್ಯ ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಯಾವಾಗ ಬೇಕಾದರೂ ಕೇಳಬಹುದು, ಖರ್ಚು ಕೇಳಿದವರದು. ಆದ್ದರಿಂದ ಒಂದು ಮನೆಯವರ ಅರ್ಜಿಯಿಂದ ಕೆಲಸ ಆಗದು. ಪಂಚಾಯತಿನ ನಿರ್ಣಯ ಬೇಕು, ಶಾಸಕರು, ಸಂಸದರ ಅನುದಾನ ಬೇಕು.

ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಬೇಕೆಂದು ಕಾನೂನಿದೆ. ಅಲ್ಲಿಗೆ ಸ್ವಸಹಾಯ ಗುಂಪಿನವರು ಒಟ್ಟಾಗಿ ಹೋಗಿ. "ದಾರಿ ಬೇಕು" ಎಂದಷ್ಟೇ ಹೇಳಿದರೆ ಸಾಲದು. ಒಂದು ವಾರ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಏಳು, ಹಳಿಯಿಂದ ದೂರದಲ್ಲಿ ನಿಂತು ಎಣಿಸಿ: ಹೆಂಗಸರು ಎಷ್ಟು, ಮಕ್ಕಳು ಎಷ್ಟು, ಸೈಕಲ್ ಎಷ್ಟು. ಸುತ್ತಿ ಹೋದರೆ ಎಷ್ಟು ದೂರ, ಮಳೆಗಾಲದಲ್ಲಿ ನೀರು ಯಾವ ಕಡೆ ನಿಲ್ಲುತ್ತದೆ, ಅದನ್ನೂ ಬರೆಯಿರಿ. ಹಳಿಯ ಬದಿಯ ವಿದ್ಯುತ್ ಕಂಬಗಳಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಸಂಖ್ಯೆ ಹಾಕಿರುತ್ತಾರೆ. ನೀವು ದಾಟುವ ಜಾಗದ ಕಂಬದ ಸಂಖ್ಯೆ ಅರ್ಜಿಯಲ್ಲಿರಲಿ. ಆಗ ಕಾರವಾರದಲ್ಲಿರುವ ಕೊಂಕಣ ರೈಲ್ವೆಯ ಪ್ರಾದೇಶಿಕ ಕಚೇರಿಯವರಿಗೆ ಯಾವ ಜಾಗವೆಂದು ಕೂತಲ್ಲೇ ತಿಳಿಯುತ್ತದೆ. ಅರ್ಜಿಯ ಒಂದು ಪ್ರತಿಗೆ ಪಂಚಾಯತಿನ ಮೊಹರು ಹಾಕಿಸಿ ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಮುಂದಿನ ಗ್ರಾಮ ಸಭೆಗೆ ಅದನ್ನು ಹಿಡಿದುಕೊಂಡೇ ಹೋಗಬೇಕು.