ಗಂಟೆಯಿಲ್ಲದ ಮಾಸ

ಶಾಲೆಯ ಗಂಟೆಯಿಲ್ಲದ ಮೊದಲ ಮಾಸವು ಕಳೆಯಿತು. ಉತ್ಸಾಹದ ಭರದಲ್ಲಿ ಮೂರನೆಯ ದಿನವೇ ಕಳವಾರದ ಬೆಟ್ಟವನ್ನೇರಹೊರಟು, ಮೊಣಕಾಲು ನೊಂದು ಅರ್ಧದಾರಿಯಿಂದ ಹಿಂತಿರುಗಿದೆನು. ಜಗುಲಿಯಲ್ಲಿ ಕುಳಿತಾಗ, ಇನ್ನು ನಾನು ಯಾರಿಗೂ ಬೇಡವಾದವನೆಂಬ ಖೇದವೂ ಉಂಟಾಯಿತು.

ಆಗ ನೆನಪಾದವರು ನೆರೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. 1908ರಲ್ಲಿ ಮುಂಬಯಿ ಸರಕಾರದ ಸೇವೆಯಿಂದ ನಿವೃತ್ತರಾದ ಆ ಮಹನೀಯರು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರೂ 1912ರಲ್ಲಿ ದಿವಾನರೂ ಆದರು. ಅವರ ಶಕ್ತಿ ನಮಗೆಲ್ಲಿ? ಅವರ ನಿಯಮನಿಷ್ಠೆಯನ್ನಾದರೂ ಅನುಸರಿಸಬಹುದು.

ಈಗ ಪ್ರಾತಃಕಾಲ ಬೆಟ್ಟದ ಬುಡದವರೆಗೆ ಮಾತ್ರ ನಡಿಗೆ. ಮಧ್ಯಾಹ್ನ ನೆರೆಮನೆಯಲ್ಲಿ ರೇಷ್ಮೆಹುಳು ಸಾಕುವ ಕೆಲಸದ ಅಭ್ಯಾಸ. ಸಂಜೆ ಆ ಮನೆಯ ಹುಡುಗಿಗೆ ಅಮರಕೋಶದ ಪಾಠ. ನಿನ್ನೆ ಆಕೆಯೇ, "ಮೇಷ್ಟ್ರೇ, ಒದ್ದೆ ಸೊಪ್ಪು ಹಾಕಬಾರದು!" ಎಂದು ನನ್ನನ್ನು ತಿದ್ದಿದಳು. ಅರವತ್ತರಲ್ಲಿ ಶಿಷ್ಯನಾಗುವ ಭಾಗ್ಯವು ಎಲ್ಲರಿಗೂ ದೊರೆಯಲಿ.