ಚೌಕಾಬಾರಾಕ್ಕೆ ಬಂಗಾರದ ನಾಣ್ಯ ಯಾಕೆ?

ಸೀರೆ ಅಂಗಡಿಯಲ್ಲಿ ನಾವು ಎಷ್ಟು ಹುಷಾರು! ಮಡಿಕೆಯ ಮೇಲೆ ಕಾಣುವ ಸೆರಗನ್ನಷ್ಟೇ ನೋಡಿ ಯಾವ ಹೆಂಗಸೂ ಹಣ ಎಣಿಸುವುದಿಲ್ಲ. ಪೂರ್ತಿ ಬಿಚ್ಚಿಸಿ, ಒಡಲು ನೋಡಿ, ಬೆಳಕಿಗೆ ಹಿಡಿದು ಆಮೇಲೆ ಬೆಲೆಯ ಮಾತು. ಮೊಬೈಲಿನ ಅಂಗಡಿಯಲ್ಲಿ ಆ ಸೌಲಭ್ಯವಿಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಅರ್ಧ ಗಂಟೆ ಆಡೋಣವೆಂದು ಕುಳಿತವಳ ಎದುರಿಗೆ ಹೆಬ್ಬೆರಳಿನ ಉಗುರಿನಷ್ಟು ಚಿತ್ರಗಳು ಸಾಲಾಗಿ ನಿಲ್ಲುತ್ತವೆ. ಅವುಗಳಲ್ಲಿ ಒಂದನ್ನು ಒತ್ತಬೇಕು. ಆ ಚಿತ್ರವೇ ಅಂಗಡಿ, ಆ ಚಿತ್ರವೇ ಅಂಗಡಿಕಾರ. ಹಾಗಿರುವಾಗ ಅದನ್ನು ಬರೆಯುವವರಿಗೆ ಸ್ವಲ್ಪವಾದರೂ ಹೊಣೆ ಬೇಡವೇ? ನನ್ನ ಜಗಳ ಇರುವುದು ಅವರೊಡನೆ.

ನನ್ನ ಅಕ್ಕನ ಮಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಮೊಬೈಲಿನಲ್ಲಿ ಆಡುವ ಚೌಕಾಬಾರಾ ತಯಾರಿಸಿದ್ದಾನೆ. ಆಟ ಸೊಗಸಾಗಿದೆ. ಇಪ್ಪತ್ತೈದು ಮನೆ, ನಾಲ್ಕು ಕವಡಿ. ನಾಲ್ಕೂ ಅಂಗಾತ ಬಿದ್ದರೆ ಚೌಕಾ, ನಾಲ್ಕೂ ಬೋರಲು ಬಿದ್ದರೆ ಎಂಟು. ಇನ್ನೊಬ್ಬರ ಕಾಯಿ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ, ನಡುಮನೆ ಮುಟ್ಟಿದರೆ ಹಣ್ಣು. ನಮ್ಮ ಅಜ್ಜಿ ಪಡಸಾಲೆಯಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಬಳೆಚೂರನ್ನು ಕಾಯಿ ಮಾಡಿ ಆಡಿಸುತ್ತಿದ್ದ ಆಟವೇ ಅದು. ಹಣ ಕಟ್ಟುವ ಮಾತೇ ಇಲ್ಲ. ಹುಡುಗರನ್ನು ಮೆಚ್ಚಬೇಕು.

ಆದರೆ ಅವರು ಬರೆಸಿದ್ದ ಮುಖಚಿತ್ರ! ಬಂಗಾರದ ನಾಣ್ಯಗಳ ರಾಶಿ, ಅದರ ಮೇಲೆ ಬಾಯಿ ತೆರೆದು ಕಿರುಚುವ ಕಿರೀಟದ ರಾಜ, ಹಿಂದೆ ಬೆಂಕಿ, ಮೂಲೆಯಲ್ಲಿ ‘ನಂಬರ್ ಒನ್’ ಎಂಬ ಕೆಂಪು ಪಟ್ಟಿ. ಕವಡಿ ಇಲ್ಲ, ಮನೆ ಇಲ್ಲ, ಕಾಯಿ ಇಲ್ಲ.

“ಇದರಾಗ ಚೌಕಾಬಾರಾ ಎಲ್ಲದನೋ?” ಎಂದೆ.

“ಅದು ಒಳಗದಲ್ಲ ಮೌಶಿ. ಮ್ಯಾಲಿನ ಚಿತ್ರ ಇರೋದು ಮಂದೀನ್ನ ಎಳೀಲಿಕ್ಕೆ. ಎಲ್ಲಾರೂ ಹಿಂಗ ಮಾಡ್ತಾರ.”

ಹೆಂಗಸರಿಗಾಗಿ ಬೇರೆ ಒಂದು ನಮೂನೆಯೂ ಇತ್ತು. ಅದರಲ್ಲಿ ಗುಲಾಬಿ ಬಣ್ಣ, ಹೃದಯದ ಗುರುತು, ಕಣ್ಣು ಮಿಟುಕಿಸುವ ಹುಡುಗಿ. ಅರವತ್ತು ವರ್ಷ ಕವಡಿ ಆಡಿದ ಅಜ್ಜಿಗೆ ಗುಲಾಬಿ ಬಣ್ಣ ತೋರಿಸಿ ಕರೆಯಬೇಕೆ?

ಎಲ್ಲರೂ ಮಾಡುತ್ತಾರೆ ಎಂಬ ಈ ಮಾತನ್ನು ನಾನು ಒಪ್ಪುವುದಿಲ್ಲ. ಮುಖಚಿತ್ರ ಯಾವಾಗಲೂ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತದೆ, ನಿಜ. 1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಮನೆಯ ಟಿವಿಗೆ ಜೋಡಿಸಿ ಆಡುವ ಯಂತ್ರವನ್ನು ಮಾರಾಟಕ್ಕೆ ತಂದಾಗ, ಆಟದ ಪೆಟ್ಟಿಗೆಯ ಮೇಲೆ ವಿಮಾನ, ಹಡಗು, ಸಮುದ್ರದ ಭವ್ಯ ವರ್ಣಚಿತ್ರಗಳಿರುತ್ತಿದ್ದವು. ಟಿವಿಯಲ್ಲಿ ಕಾಣುತ್ತಿದ್ದುದು ಬರೀ ಚೌಕಾಕಾರದ ತುಣುಕುಗಳು. ಅಂದಿನ ಯಂತ್ರಕ್ಕೆ ಅಷ್ಟೇ ಶಕ್ತಿ. ಆ ತುಣುಕನ್ನು ಹಡಗೆಂದು ಊಹಿಸಿಕೊಳ್ಳಲು ಪೆಟ್ಟಿಗೆಯ ಚಿತ್ರ ನೆರವಾಗುತ್ತಿತ್ತು. ಹಡಗಿನ ಆಟಕ್ಕೆ ಹಡಗಿನ ಚಿತ್ರವನ್ನೇ ಬರೆದಿದ್ದರು. ಕವಡಿಯ ಆಟಕ್ಕೆ ನಾಣ್ಯದ ರಾಶಿ ಬರೆಯುವುದನ್ನು ಉತ್ಪ್ರೇಕ್ಷೆ ಎನ್ನಲಾಗದು. ಅದು ಶುದ್ಧ ಸುಳ್ಳು.

ಈ ಸುಳ್ಳಿಗೆ ಈಗ ಪ್ರಪಂಚದಲ್ಲೂ ತಡೆ ಬೀಳುತ್ತಿದೆ. 2020ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ‘ಹೋಮ್‌ಸ್ಕೇಪ್ಸ್’, ‘ಗಾರ್ಡನ್‌ಸ್ಕೇಪ್ಸ್’ ಎಂಬ ಎರಡು ಆಟಗಳ ಜಾಹೀರಾತುಗಳು ದಾರಿ ತಪ್ಪಿಸುತ್ತವೆಂದು ತೀರ್ಪಿತ್ತಿತು. ಜಾಹೀರಾತಿನಲ್ಲಿ ಮೊಳೆ ಎಳೆದು ಬಿಡಿಸುವ ಒಗಟು; ಒಳಗೆ ಬಹುಪಾಲು ಒಂದೇ ಬಗೆಯ ಮೂರು ತುಣುಕು ಜೋಡಿಸುವ ಆಟ. ಒಗಟೂ ಒಳಗೆ ಎಲ್ಲೋ ಇದೆ ಎಂದು ಕಂಪನಿ ವಾದಿಸಿದರೂ ನಡೆಯಲಿಲ್ಲ. 2021ರಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರಿನ ನಿಯಮ ಬಿಗಿ ಮಾಡಿ, ಹೆಸರಿನಲ್ಲಾಗಲಿ ಚಿಹ್ನೆಯಲ್ಲಾಗಲಿ ಮೊದಲ ಸ್ಥಾನ, ಬಹುಮಾನ, ರಿಯಾಯಿತಿ ಎಂದು ಬರೆದುಕೊಳ್ಳಬಾರದೆಂದಿತು. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್ ಕೂಡ 2022ರಲ್ಲಿ ಮುಖಚಿತ್ರದ ಮೇಲೆ ಆಟದ ಚಿತ್ರ ಮತ್ತು ಹೆಸರಿನ ಹೊರತು ಪ್ರಶಸ್ತಿ, ಹೊಗಳಿಕೆ, ರಿಯಾಯಿತಿಯ ಮಾತು ಇರಕೂಡದೆಂದು ಕಟ್ಟುಮಾಡಿತು. ಅಂದಮೇಲೆ ನಮ್ಮ ಹುಡುಗರ ಕೆಂಪು ಪಟ್ಟಿ ನಿಯಮಕ್ಕೂ ವಿರುದ್ಧ.

ನಿಯಮ ಬಿಡಿ, ವ್ಯಾಪಾರದ ಲೆಕ್ಕವನ್ನೇ ಹಾಕೋಣ. ಇಂಥ ಹಗುರ ಆಟಗಳು ಬದುಕುವುದು ಮತ್ತೆ ಮತ್ತೆ ಬಂದು ಆಡುವವರಿಂದ. ನಾಣ್ಯ ನೋಡಿ ಒತ್ತಿದವಳು ಒಳಗೆ ಕವಡಿ ಕಂಡು ಎರಡು ನಿಮಿಷದಲ್ಲಿ ಆಟವನ್ನು ತೆಗೆದುಹಾಕುತ್ತಾಳೆ. ಕವಡಿ ಬೇಕಾಗಿದ್ದವಳು ಆ ಕಿರುಚುವ ರಾಜನನ್ನು ನೋಡಿ ಒತ್ತುವುದೇ ಇಲ್ಲ. ಬಂದವಳು ನಿಲ್ಲಲಿಲ್ಲ, ನಿಲ್ಲುವವಳು ಬರಲಿಲ್ಲ. ಇದನ್ನು ಪರಿಣಾಮಕಾರಿ ಚಿತ್ರವೆಂದು ಯಾರು ಕಲಿಸಿದರು?

ನಷ್ಟ ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಧಾರವಾಡದಲ್ಲಿ ನಮ್ಮ ಓಣಿಯಲ್ಲೇ ಕುಪ್ಪಸ ಹೊಲಿದು ಸಂಸಾರ ತೂಗಿಸುವ ಒಬ್ಬಾಕೆ ಇದ್ದಾಳೆ. 2020ರ ಲಾಕ್‌ಡೌನಿನಲ್ಲಿ ಮಕ್ಕಳೊಂದಿಗೆ ಮೊಬೈಲಿನಲ್ಲಿ ಲೂಡೊ ಆಡಿ ರೂಢಿಯಾಗಿತ್ತು. ಮುಂದೊಮ್ಮೆ ಹೊಸ ಮೊಬೈಲಿನಲ್ಲಿ ಅದನ್ನೇ ಹುಡುಕಿದಾಗ, ಅಂಥದೇ ಬಣ್ಣ, ಅಂಥದೇ ದಾಳ, ಅಂಥದೇ ನಾಣ್ಯದ ರಾಶಿ ಇದ್ದ ಇನ್ನೊಂದನ್ನು ಒತ್ತಿದಳು. ಅದು ದುಡ್ಡು ಕಟ್ಟಿ ಆಡುವ ಆಟ. ಮೊದಲು ಹತ್ತು ರೂಪಾಯಿ, ಆಮೇಲೆ ಐವತ್ತು. ಮೊದಮೊದಲು ಗೆದ್ದಳು ಕೂಡ. ಕೊನೆಗೆ ಮಗಳ ಕಾಲೇಜು ಫೀಗೆಂದು ಕೂಡಿಟ್ಟ ಹಣವೂ ಹೋಯಿತು. ಆರು ತಿಂಗಳು ಗಂಡನಿಗೆ ಹೇಳದೆ ರಾತ್ರಿಯೆಲ್ಲ ಮಶಿನ್ ತುಳಿದು ಆ ಹಣ ತುಂಬಿಸಿದಳು. ಅವಳಿಗೆ ಬುದ್ಧಿ ಇರಲಿಲ್ಲವೇ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ: ಮಕ್ಕಳ ಆಟವೂ ಜೂಜೂ ಒಂದೇ ಅಂಗಿ ತೊಟ್ಟು ಒಂದೇ ಸಾಲಿನಲ್ಲಿ ನಿಂತರೆ, ಯಾರು ಯಾರೆಂದು ಅವಳು ತಿಳಿಯುವುದು ಹೇಗೆ?

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಬಹಳ ಒಳ್ಳೆಯದಾಯಿತು. ಆದರೆ ಆ ಜೂಜಿನಂಗಡಿಗಳು ತೊಟ್ಟಿದ್ದ ವೇಷ ಇನ್ನೂ ಉಳಿದಿದೆ. ಅದನ್ನು ನಮ್ಮ ಮುಗ್ಧ ಚೌಕಾಬಾರಾಕ್ಕೆ ತೊಡಿಸುವುದೆಂದರೆ, ಮುಂದೆ ಬರುವ ಕಳ್ಳನಿಗೆ ಅಡಗಲು ಜಾಗ ಮಾಡಿಕೊಟ್ಟ ಹಾಗೆ.

ಹಾಗಾದರೆ ಹೇಗಿರಬೇಕು ಚಿತ್ರ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನಿಲುವು ಮಗ್ಗದ ಮೇಲೆ ಜಮಖಾನೆ ನೇಯುತ್ತಾರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನೇಯ್ಗೆ ಅದು. ಅದರಲ್ಲಿ ಪಗಡೆ ಹಾಸು ಎಂಬುದೊಂದು ಬಗೆ. ಪಗಡೆಯ ಮನೆಗಳೇ ಅದರ ವಿನ್ಯಾಸ. ಅದನ್ನು ಹಾಸಿದರೆ ಏನು ಆಡುವುದೆಂದು ಯಾರೂ ಹೇಳಬೇಕಾಗಿಲ್ಲ. ನೋಡುವುದೂ ಅದೇ, ಆಡುವುದೂ ಅದೇ. ಚೆಂದವಂತೂ ಕಣ್ಣು ಕೀಳದಷ್ಟು. ಆ ಹೆಣ್ಣುಮಕ್ಕಳು ಯಾವ ಮಾರುಕಟ್ಟೆ ಪಂಡಿತನಿಂದಲೂ ಇದನ್ನು ಕಲಿತವರಲ್ಲ.

ನಾನು ಹುಡುಗರಿಗೆ ಹೇಳಿದ್ದು ಇಷ್ಟು. ಪ್ಲೇ ಸ್ಟೋರ್ ನಿಮಗೆ ಉದ್ದಗಲ 512 ಚುಕ್ಕೆಗಳ ಚೌಕ ಕೇಳುತ್ತದೆ. ಆದರೆ ನೋಡುವವಳಿಗೆ ಅದು ಕಾಣುವುದು ಗುಂಡಿಯಷ್ಟು. ಅದರಲ್ಲಿ ಜಾತ್ರೆ ತುಂಬಬೇಡಿ. ಇಪ್ಪತ್ತೈದು ಮನೆಯೂ ಬೇಡ. ಕಾವಿ ಬಣ್ಣದ ನೆಲ, ಅದರ ಮೇಲೆ ಬಿಳಿ ಗೆರೆಯ ಒಂದೇ ಕಟ್ಟೆಮನೆ, ಎರಡು ಅಂಗಾತ ಎರಡು ಬೋರಲು ಬಿದ್ದ ನಾಲ್ಕು ಕವಡಿ, ಸಾಕು. ಕಾವಿಯ ಮೇಲೆ ಬಿಳಿ ಎಷ್ಟು ಸಣ್ಣದಾದರೂ ಎದ್ದು ಕಾಣುತ್ತದೆ. ಅಂಗಳದಲ್ಲಿ ರಂಗೋಲಿ ಹಾಕುವವರಿಗೆ ಅದು ಗೊತ್ತು. ಇದಲ್ಲದೆ ಅವರು ಕೇಳುವ 1024ಕ್ಕೆ 500ರ ಅಡ್ಡಚಿತ್ರದಲ್ಲಿ ಜಾಗವಿದೆ. ಅಲ್ಲಿ ಪೂರ್ತಿ ಮನೆ ಬರೆಯಿರಿ, ಬಳೆ ತೊಟ್ಟ ಕೈಯೊಂದು ಕವಡಿ ಚೆಲ್ಲುತ್ತಿರಲಿ. ಹೆಸರನ್ನು ಕನ್ನಡದಲ್ಲೇ ದಪ್ಪಗೆ ಬರೆಯಿರಿ. ಚೌಕಾಬಾರಾ, ನಾಲ್ಕೇ ಅಕ್ಷರ, ಒಂದೂ ಒತ್ತಕ್ಷರವಿಲ್ಲ, ಸಣ್ಣದಾದರೂ ಕಲಸಿಹೋಗುವುದಿಲ್ಲ. ಎಲ್ಲ ಮುಗಿದ ಮೇಲೆ ಮನೆಯ ಹಿರಿಯರೊಬ್ಬರಿಗೆ ಕನ್ನಡಕವಿಲ್ಲದೆ ಒಂದು ಮಾರು ದೂರದಿಂದ ತೋರಿಸಿ. ಯಾವ ಆಟವೆಂದು ಅವರು ಹೇಳಿದರೆ ಚಿತ್ರ ಗೆದ್ದಿತು.

“ಇಷ್ಟು ಸಾದಾ ಇದ್ರ ಯಾರು ಒತ್ತತಾರ ಮೌಶಿ?” ಎಂದು ಅವನ ವಾದ. ಇಪ್ಪತ್ತು ಜನ ಕಿರುಚುವಲ್ಲಿ ಸುಮ್ಮನೆ ನಿಂತವನ ಕಡೆಗೇ ಕಣ್ಣು ಹೋಗುತ್ತದೆಂಬುದು ನನ್ನ ಅನುಭವ. ಧಾರವಾಡದ ಪೇಢೆಯನ್ನೇ ನೋಡಿ. ಕಂದು ಬಣ್ಣ, ಮೇಲೆ ಒಂದಿಷ್ಟು ಸಕ್ಕರೆ ಪುಡಿ. ರೂಪಕ್ಕೆ ಮರುಳಾಗಿ ಯಾರೂ ಅದನ್ನು ಕೊಳ್ಳುವುದಿಲ್ಲ; ಆದರೂ ಲೈನ್ ಬಜಾರಿನಲ್ಲಿ ಸರದಿ ನಿಲ್ಲುತ್ತಾರೆ. ಅದಕ್ಕೆ ಹೆಸರಿದೆ, ನಮ್ಮ ಆಟಕ್ಕೆ ಹೆಸರಿಲ್ಲ ಎನ್ನುವಿರಾ? ಸರಿಯಾದ ಮಾತು. ಆದರೆ ಮುಚ್ಚಳ ತೆಗೆದಾಗಲೆಲ್ಲ ಒಳಗೆ ಪೇಢೆಯೇ ಇದ್ದದ್ದರಿಂದ ಆ ಹೆಸರು ಬಂತು. ಮೊದಲ ದಿನವೇ ಮುಚ್ಚಳದ ಮೇಲೆ ಸುಳ್ಳು ಬರೆದವನಿಗೆ ಯಾವ ಕಾಲಕ್ಕೂ ಹೆಸರು ಬರಲಾರದು.

ಧಾರವಾಡದ ಹಾಲಭಾವಿ ಚಿತ್ರಕಲಾ ಶಾಲೆಯಂಥ ಕಡೆ ಕುಂಚ ಹಿಡಿದು ಕಲಿಯುತ್ತಿರುವ ಹೆಣ್ಣುಮಕ್ಕಳೇ, ಈ ಕೆಲಸಕ್ಕೆ ನೀವು ಬನ್ನಿ. ಕವಡಿ ಹೇಗೆ ಬೀಳುತ್ತದೆಂದು ಕಂಡವರು ಬರೆಯಬೇಕಾದ ಚಿತ್ರವಿದು. ಇನ್ನು ಆಡುವ ನಾವು ಒಂದು ನಿಯಮ ಇಟ್ಟುಕೊಳ್ಳೋಣ. ಚಿತ್ರದಲ್ಲಿ ಆಟ ಕಾಣದಿದ್ದರೆ ಒತ್ತುವುದು ಬೇಡ. ನಾಣ್ಯ ಮಾತ್ರ ಕಂಡರಂತೂ, ಅದು ನಮಗೆ ಬರುವ ನಾಣ್ಯವಲ್ಲ, ನಮ್ಮಿಂದ ಹೋಗುವ ನಾಣ್ಯವೆಂದೇ ತಿಳಿಯೋಣ.